ಮೂಗು ಹಿಡಿದ ಕೈ

ಹೋದ ಡಿಸೆಂಬರ್‌ನಲ್ಲಿ ನಮ್ಮ ಏಳನೇ ಕ್ಲಾಸಿನ ಬ್ಯಾಚಿನವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡಿದ್ದೆವು. ನಲವತ್ತು ವರ್ಷದ ಮೇಲೆ. ಮೊದಲು ಯಾರೋ ಒಬ್ಬರು ವಾಟ್ಸಾಪ್ ಗ್ರೂಪ್ ಮಾಡಿದರು, ಅದಕ್ಕೆ ಒಬ್ಬೊಬ್ಬರೇ ಸೇರಿಕೊಂಡರು, ಆಮೇಲೆ ಹಣ ಕೂಡಿತು, ಶಾಲೆಯ ಅಂಗಳದಲ್ಲೇ ಶಾಮಿಯಾನ ಎದ್ದಿತು. ಇನ್ನೂ ಇರುವ ಮೇಷ್ಟ್ರುಗಳಲ್ಲಿ ಮೂವರು ಬಂದಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ತೊಳೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸಾಲಾಗಿ ನಿಂತು ನಮಸ್ಕಾರ ಮಾಡಿದೆವು. ನನಗೂ ಕಣ್ಣು ತುಂಬಿ ಬಂದಿತ್ತು.

ಆಮೇಲೆ ಮೈಕ್ ಕೈಯಿಂದ ಕೈಗೆ ಹೋಯಿತು. ಮಾತಾಡಲು ನಿಂತವರೆಲ್ಲ ಏಟಿನ ಕಥೆಯನ್ನೇ ಹೇಳಿದರು. ಒಬ್ಬನಿಗೆ ಹುಣಸೆ ಬರಲಿನಲ್ಲಿ ಬಿದ್ದದ್ದು, ಇನ್ನೊಬ್ಬನಿಗೆ ಬೆರಳ ಗಂಟಿನ ಮೇಲೆ ಸ್ಕೇಲು ಅಡ್ಡಡ್ಡ ಬಿದ್ದದ್ದು, ಮತ್ತೊಬ್ಬಳನ್ನು ಬಿಸಿಲಲ್ಲಿ ಮಂಡಿಯೂರಿಸಿದ್ದು. ಪ್ರತಿಯೊಬ್ಬರೂ ಕೊನೆಗೆ ಅದೇ ಮಾತಿಗೆ ಬರುತ್ತಿದ್ದರು: ‘ಅವತ್ತು ಆ ಏಟು ಬೀಳದೇ ಇದ್ದಿದ್ರೆ ಇವತ್ತು ನಾನು ಈ ಸ್ಥಾನದಲ್ಲಿ ಇರ್ತಿರಲಿಲ್ಲ.’ ಹೇಳಿದವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಇಂಜಿನಿಯರ್, ಒಬ್ಬ ಬ್ಯಾಂಕ್ ಮ್ಯಾನೇಜರ್, ಒಬ್ಬಳು ವಕೀಲೆ. ಮೇಷ್ಟ್ರುಗಳು ತಲೆ ತಗ್ಗಿಸಿ ನಗುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಬ್ಯಾಂಕ್ ಮ್ಯಾನೇಜರ್ ಗೆಳೆಯ ಮೂಗು ಹಿಡಿದು ಹೊಡೆಸುವ ಶಿಕ್ಷೆಯನ್ನು ನೆನಪು ಮಾಡಿದ. ಆ ಕಾಲದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಿ ಉತ್ತರ ಹೇಳಿದವನು ಎದ್ದು ಹೋಗಿ, ತಪ್ಪು ಹೇಳಿದವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಅವನು ವೇದಿಕೆಯ ಮೇಲೆ ತನ್ನ ಮೂಗನ್ನೇ ಹಿಡಿದು ತೋರಿಸಿದ. ಶಾಮಿಯಾನ ಪೂರ್ತಿ ನಕ್ಕಿತು. ನಾನೂ ನಕ್ಕೆ. ನಗುತ್ತಾ ಇದ್ದ ಹಾಗೇ ನನ್ನ ಎಡಗೈಯ ಎರಡು ಬೆರಳಿಗೆ ಬೆವರಿದ, ಜಾರುವ ಒಂದು ಮೂಗು ನೆನಪಾಯಿತು. ಆ ಮೂಗಿನವನು ಎಲ್ಲಿ ಅಂತ ಸುತ್ತ ನೋಡಿದೆ. ಅವನು ಬಂದಿರಲಿಲ್ಲ. ಗ್ರೂಪಿನಲ್ಲೂ ಅವನ ನಂಬರ್ ಇರಲಿಲ್ಲ. ಅವನನ್ನು ಸೇರಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ನನಗೂ ಸಹ.

ಅವತ್ತಿನಿಂದ ಇದು ನನ್ನನ್ನು ಬಿಟ್ಟಿಲ್ಲ.

ಹದಿನೇಳೆಂಟ್ಲ

ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಊರಿಗೆಲ್ಲ ಅದೊಂದು ದೊಡ್ಡ ವಿಷಯ. ಎಷ್ಟು ಜನ ಪಾಸಾದರು ಅನ್ನುವುದರ ಮೇಲೆ ಶಾಲೆಯ ಹೆಸರು, ಮೇಷ್ಟ್ರ ಹೆಸರು. ನಮ್ಮ ಗಣಿತದ ಮೇಷ್ಟ್ರು ದಸರಾ ರಜೆ ಮುಗಿದ ಕೂಡಲೇ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಜಾಸ್ತಿ ಪಾಠ ಮಾಡುತ್ತಿದ್ದರು. ಅದಕ್ಕೆ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು, ಸೈಕಲ್ಲಿನಲ್ಲಿ ನಮಗಿಂತ ಮುಂಚೆಯೇ ಬಂದು, ಬೀಗ ತೆಗೆದು ಬೋರ್ಡು ಒರೆಸಿರುತ್ತಿದ್ದರು. ಅವರ ಶ್ರದ್ಧೆಯ ಬಗ್ಗೆ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ.

ಆ ಮಧ್ಯಾಹ್ನ ಬಾಯಿಲೆಕ್ಕ ಕೇಳುತ್ತಿದ್ದರು. ಊಟ ಆಗಿ ಬಂದ ಹೊತ್ತು. ಹೆಂಚಿನ ಸಂದಿಯಿಂದ ಒಂದು ಬಿಸಿಲಕೋಲು ಬಂದು ನೆಲದ ಮೇಲೆ ಬಿದ್ದಿತ್ತು. ಅದರಲ್ಲಿ ಸೀಮೆಸುಣ್ಣದ ಪುಡಿ ಹಾರಾಡುತ್ತಿತ್ತು. ‘ಹದಿನೇಳೆಂಟ್ಲ?’ ಅಂದರು. ನನಗಿಂತ ಮುಂದಿನ ನಾಲ್ವರಿಗೆ ಬರಲಿಲ್ಲ. ಅವರು ನಿಂತೇ ಇದ್ದರು. ನನ್ನ ಸರದಿ ಬಂದಾಗ ‘ನೂರ ಮೂವತ್ತಾರು’ ಅಂದೆ. ‘ಹೂಂ, ಹೋಗು’ ಅಂದರು. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಅಂತ ಹೇಳುವ ಅಗತ್ಯವೇ ಇರಲಿಲ್ಲ.

ಮೊದಲ ಮೂವರಿಗೆ ಸರಸರ ಹೊಡೆದು ಮುಗಿಸಿದೆ. ನಾಲ್ಕನೆಯವನು ನನ್ನ ಪಕ್ಕದಲ್ಲೇ ಕೂರುವವನು. ಊರಿಂದ ಮೂರು ಕಿಲೋಮೀಟರ್ ಆಚೆಯ ಹಟ್ಟಿಯಿಂದ ನಡೆದು ಬರುತ್ತಿದ್ದ. ನನಗಿಂತ ಸ್ವಲ್ಪ ಕುಳ್ಳ. ನನಗೆ ಸಲೀಸಾಗಲಿ ಅಂತ ಅವನೇ ಮುಖ ಎತ್ತಿ ಮುಂದೆ ಚಾಚಿದ. ಕಣ್ಣು ಮುಚ್ಚಿಕೊಂಡಿದ್ದ. ನಾನು ಮೆತ್ತಗೆ ತಟ್ಟಿದೆ. ಸದ್ದೇ ಬರಲಿಲ್ಲ.

‘ಇಲ್ಲಿ ಬಾ’ ಅಂದರು ಮೇಷ್ಟ್ರು, ನನಗೆ. ಹೋದೆ. ನನ್ನ ಮೂಗು ಹಿಡಿದರು. ‘ಹೊಡೆಯೋದು ಅಂದ್ರೆ ಹೀಗೆ’ ಅಂತ ಒಂದು ಕೊಟ್ಟರು. ಕಿವಿಯಲ್ಲಿ ಗುಂಯ್ ಅಂತು. ‘ಈಗ ಹೋಗಿ ಹೊಡಿ.’

ನಾನು ವಾಪಸ್ ಬಂದೆ. ಈ ಭಾಗವನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಎರಡನೇ ಸಲ ನಾನು ಜೋರಾಗಿ ಹೊಡೆದೆ. ಮೇಷ್ಟ್ರಿಗೆ ಸಾಕಾಗುವಷ್ಟಲ್ಲ, ಅದಕ್ಕಿಂತ ಜಾಸ್ತಿ. ನನ್ನ ಕೆನ್ನೆ ಉರಿಯುತ್ತಿತ್ತು, ಆ ಉರಿಯೆಲ್ಲ ಅವನ ಮೇಲೇ ತಿರುಗಿತ್ತು. ಹೊಡೆದ ಮೇಷ್ಟ್ರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಮಗ್ಗಿ ಕಲಿಯದೆ ಬಂದು ನನಗೆ ಏಟು ತಿನ್ನಿಸಿದ ಇವನ ಮೇಲೆ ಬಂತು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ. ಅಳಲಿಲ್ಲ. ಇಬ್ಬರೂ ಒಂದೇ ಬೆಂಚಿಗೆ ಹೋಗಿ ಕೂತೆವು, ನಡುವೆ ಚೀಲ ಇಟ್ಟುಕೊಂಡು.

ಮಾರನೇ ದಿನದಿಂದ ಅವನು ಹಿಂದಿನ ಬೆಂಚಿಗೆ ಹೋದ. ಸಂಕ್ರಾಂತಿ ಕಳೆದ ಮೇಲೆ ಶಾಲೆಗೇ ಬರಲಿಲ್ಲ. ಕುರಿ ಕಾಯಲು ಹಾಕಿದ್ದಾರೆ ಅಂದರು. ಒಂದು ಏಟಿಗೆ ಅವನು ಶಾಲೆ ಬಿಟ್ಟ ಅಂತ ನಾನು ಹೇಳಲಾರೆ. ಅವರ ಮನೆಯಲ್ಲಿ ಕಷ್ಟ ಇತ್ತು, ಆ ವರ್ಷ ಮಳೆ ಕಡಿಮೆ, ದೊಡ್ಡಣ್ಣ ಬೇರೆ ಊರಿಗೆ ಹೋಗಿದ್ದ. ಮಕ್ಕಳು ಶಾಲೆ ಬಿಡುವುದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ. ಆದರೆ ಮನೆಯಲ್ಲಿ ‘ಶಾಲೆ ಸಾಕು ಬಿಡು’ ಅಂದಾಗ, ‘ಇಲ್ಲ, ನಾನು ಹೋಗಲೇಬೇಕು’ ಅಂತ ಹಟ ಹಿಡಿಯುವ ಆಸೆ ಅವನಲ್ಲಿ ಎಷ್ಟು ಉಳಿದಿತ್ತು? ನನಗೆ ಕಾಡುವುದು ಈ ಪ್ರಶ್ನೆ. ನಮ್ಮ ಹಾಜರಿ ಪುಸ್ತಕದಲ್ಲಿ ಒಂದನೇ ಕ್ಲಾಸಿನಲ್ಲಿ ಇದ್ದ ಎಷ್ಟೋ ಹೆಸರು ಏಳನೇ ಕ್ಲಾಸಿನಲ್ಲಿ ಇರಲಿಲ್ಲ. ಏಟು ತಿಂದು ದೊಡ್ಡವರಾದವರು ಮೈಕ್ ಹಿಡಿಯುತ್ತಾರೆ. ಏಟು ತಿಂದು ಹೋದವರಿಗೆ ಮೈಕ್ ಕೊಡುವವರು ಯಾರು?

ತಾತನ ಕೋದಂಡ, ಕ್ಯಾಂಪ್‌ಬೆಲ್ ಸಾಹೇಬನ ಕಾಗದ

ನಮ್ಮ ತಾತ ಸರ್ಕಾರಿ ಶಾಲೆಗೆ ಹೋದವರಲ್ಲ. ಐಗಳ ಕೂಲಿಮಠದಲ್ಲಿ ಕಲಿತವರು. ಮರಳು ಹರಡಿ ಅದರ ಮೇಲೆ ಬೆರಳಲ್ಲಿ ತಿದ್ದಿ, ಅಕ್ಷರ ಕೂಡಿದ ಮೇಲೆ ಹಲಗೆಗೆ ಬರುವ ಓದು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಅವರಿಗೆ ಎಂಬತ್ತು ದಾಟಿದ ಮೇಲೂ ಬಾಯಿಗೆ ಬರುತ್ತಿತ್ತು. ಹಾಗೆಯೇ ‘ಕೋದಂಡ’ದ ಕಥೆಯೂ. ತೊಲೆಗೆ ಹಗ್ಗ ಇಳಿಬಿಟ್ಟು, ಹುಡುಗನ ಕೈ ಅದಕ್ಕೆ ಸಿಗಿಸಿ ಮೇಲೆತ್ತಿ ಜೋತಾಡಿಸುವುದು. ಚಿಕ್ಕವನಿದ್ದಾಗ ನನಗೆ ಇದು ರಾಕ್ಷಸರ ಕಥೆಯ ಹಾಗೆ ಕೇಳಿಸುತ್ತಿತ್ತು. ತಾತ ಸ್ವಲ್ಪ ಬಣ್ಣ ಕಟ್ಟಿ ಹೇಳುತ್ತಾರೆ ಅಂತಲೇ ಅಂದುಕೊಂಡಿದ್ದೆ.

ಬಣ್ಣ ಕಟ್ಟಿರಲಿಲ್ಲ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಕಲೆಕ್ಟರಿಗೂ ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಏನು ಕಲಿಸುತ್ತಾರೆ ಅಂತ ವಿಚಾರಿಸಲು ಹೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದರು. ಜಿಲ್ಲೆಯಲ್ಲಿ 533 ಶಾಲೆ, ಅದರಲ್ಲಿ 235 ಕನ್ನಡದವು, 226 ತೆಲುಗಿನವು, ಒಟ್ಟು 6,641 ಮಕ್ಕಳು. ಲೆಕ್ಕ ಕೊಟ್ಟು ಸುಮ್ಮನಾಗದೆ, ಶಾಲೆ ಒಳಗೆ ಏನು ನಡೆಯುತ್ತದೆ ಅಂತಲೂ ಬರೆದರು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ, ಅದು ಗೌರವ. ಎರಡನೆಯವನ ಅಂಗೈಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾಗಿ ಬಂದಷ್ಟೂ ಒಂದೊಂದು ಜಾಸ್ತಿ. ಸೋಮಾರಿ ಹುಡುಗನಿಗೆ ಹೊಡೆಯುತ್ತಾರೆ, ಎಷ್ಟೋ ಸಲ ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ನೇತುಹಾಕುತ್ತಾರೆ, ಇಲ್ಲವೇ ಬಿಡದೆ ಕೂತು ಏಳಿಸುತ್ತಾರೆ. ತಾತನ ಕೋದಂಡ ಅಲ್ಲಿದೆ. ನಮ್ಮ ಬಸ್ಕಿಯೂ ಅಲ್ಲೇ ಇದೆ. ನಾನು ಶಾಲೆಯಲ್ಲಿ ಬಸ್ಕಿ ಹೊಡೆದದ್ದಕ್ಕೂ ಆ ಕಾಗದಕ್ಕೂ ನಡುವೆ ನೂರ ಅರವತ್ತು ವರ್ಷ.

ಅದೇ ಕಾಗದದಲ್ಲಿ ಕ್ಯಾಂಪ್‌ಬೆಲ್ ಹೊಗಳುವುದೂ ಇದೆ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು, ಕಡಿಮೆ ಖರ್ಚಿನಲ್ಲಿ ಬರೆಯಲು ಕಲಿಸುವ ರೀತಿಯನ್ನು ಅವರು ಬಹಳ ಮೆಚ್ಚಿಕೊಂಡಿದ್ದಾರೆ. ಜೊತೆಗೆ ಒಂದು ಕೊರತೆಯನ್ನೂ ಹೇಳುತ್ತಾರೆ. ಹುಡುಗರು ರಾಶಿ ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥ ಮಾತ್ರ ಮಾತು ಕಲಿತ ಗಿಣಿಗೆ ಗೊತ್ತಿರುವಷ್ಟೇ ಗೊತ್ತು ಅಂತ. ಏಟು, ಗಿಣಿಪಾಠ ಎರಡೂ ಒಂದೇ ಕಾಗದದಲ್ಲಿ ಇರುವುದನ್ನು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಹೆದರಿಸಿ ಬಾಯಿಪಾಠ ಮಾಡಿಸಬಹುದು. ಹದಿನೇಳೆಂಟ್ಲ ನೂರ ಮೂವತ್ತಾರು ಅಂತ ಹೇಳಿಸಬಹುದು. ಹತ್ತೆಂಟ್ಲ ಎಂಬತ್ತು, ಏಳೆಂಟ್ಲ ಐವತ್ತಾರು, ಎರಡೂ ಸೇರಿದರೆ ನೂರ ಮೂವತ್ತಾರು ಅಂತ ಹೊಳೆಯಬೇಕಾದರೆ ಹುಡುಗನ ತಲೆ ಒಂದು ಕ್ಷಣ ಆರಾಮಾಗಿ ಇರಬೇಕು. ಮುಖದ ಮುಂದೆ ಕೈ ಎತ್ತಿ ನಿಂತಿದ್ದರೆ ಅದು ಆಗುವುದಿಲ್ಲ.

ಇಷ್ಟು ದಿನ ನಾನು ನಮ್ಮ ಮೇಷ್ಟ್ರ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತಿದ್ದೆ. ಪಾಪ, ಒಂದೇ ಕೋಣೆಯಲ್ಲಿ ಅರವತ್ತು ಮಕ್ಕಳು. ಒಬ್ಬರೇ ಮೇಷ್ಟ್ರು. ಕೋಲು ಇಲ್ಲದೆ ಹೇಗೆ ಸಂಭಾಳಿಸಬೇಕು ಅಂತ. ಈ ಮಾತಿನಲ್ಲಿ ನಿಜ ಇದೆ. ಆದರೆ ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕ ಭಾಗಿಸಿ ನೋಡಿ. ಒಂದು ಶಾಲೆಗೆ ಹನ್ನೆರಡು ಮಕ್ಕಳು. ಹನ್ನೆರಡೇ ಮಕ್ಕಳಿದ್ದಾಗಲೂ ಮಾಡಿಗೆ ರಾಟೆ ಇತ್ತು. ಹಾಗಾದರೆ ಕೋಲು ಬಂದದ್ದು ಜನ ಜಾಸ್ತಿಯಾಗಿ ಅಲ್ಲ. ಏಟು ಇಲ್ಲದೆ ವಿದ್ಯೆ ಹತ್ತುವುದಿಲ್ಲ ಅಂತ ಕಲಿಸುವವರು, ಕಲಿಯುವವರು, ಹೆತ್ತವರು ಎಲ್ಲರೂ ನಂಬಿದ್ದರಿಂದ. ‘ದಂಡಂ ದಶಗುಣಂ’ ಅಂತ ಹಿರಿಯರು, ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಅಂತ ಮಕ್ಕಳೇ ಹಾಡಿಕೊಳ್ಳುತ್ತಿದ್ದರು.

ಹೆತ್ತವರ ಮಾತು ಬಂತು ನೋಡಿ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಅಪ್ಪ ಮೇಷ್ಟ್ರ ಮುಂದೆ ಕೈಮುಗಿದು, ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್, ನಾನು ಕೇಳಲ್ಲ’ ಅಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಿಮ್ಮಪ್ಪನೂ ಅಂದಿರಬಹುದು. ಅದು ಕ್ರೌರ್ಯದ ಮಾತಲ್ಲ. ಓದು ಬರದ ಅಪ್ಪ, ಓದು ಬಲ್ಲವರ ಮುಂದೆ ತನ್ನಲ್ಲಿ ಇದ್ದ ಅತಿ ದೊಡ್ಡ ನಂಬಿಕೆಯನ್ನು ಇಟ್ಟ ರೀತಿ ಅದು. ಕಾನೂನಿನಲ್ಲೂ ಹೆಚ್ಚು ಕಡಿಮೆ ಇದೇ ಮಾತು ಇತ್ತು. 1860ರ ದಂಡ ಸಂಹಿತೆಯ 89ನೇ ಕಲಂ, ಹನ್ನೆರಡು ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಅನ್ನುತ್ತಿತ್ತು. ಅದಕ್ಕೂ ಮಿತಿಗಳಿದ್ದವು. ಆದರೆ ಅಪ್ಪನಿಗೆ ಕಲಂ ಗೊತ್ತಿರಲಿಲ್ಲ, ಒಪ್ಪಿಗೆ ಮಾತ್ರ ಬಾಯಿತುಂಬ ಕೊಟ್ಟು ಬಂದರು. ಆ ಮಾತಿನಲ್ಲಿ ಮಗುವಿನ ಒಪ್ಪಿಗೆ ಎಲ್ಲೂ ಇಲ್ಲ. ನಾನು ಅಪ್ಪನ ಕಿರುಬೆರಳು ಹಿಡಿದು ಅಲ್ಲೇ ನಿಂತಿದ್ದೆ.

ಯಾರೂ ಹೆಸರೆತ್ತದ ಟೀಚರ್

ಗುರುವಂದನೆಯಲ್ಲಿ ಇನ್ನೊಂದು ವಿಷಯ ಗಮನಿಸಿದೆ. ನಮಗೆ ಐದು ಆರರಲ್ಲಿ ಕನ್ನಡ ಕಲಿಸಿದ ಟೀಚರ್ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅವರು ತೀರಿಕೊಂಡು ವರ್ಷಗಳಾದವು. ಮರೆತಿದ್ದಾರೆ ಅಂತ ಅಲ್ಲ. ಅವರ ಬಗ್ಗೆ ಹೇಳಲು ‘ಕಥೆ’ ಇರಲಿಲ್ಲ. ಅವರು ಯಾರಿಗೂ ಹೊಡೆಯುತ್ತಿರಲಿಲ್ಲ.

ಹಾಗಂತ ಅವರು ಸಡಿಲ ಬಿಟ್ಟವರಲ್ಲ. ಇಡೀ ಶಾಲೆಯಲ್ಲಿ ಅವರಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ ಅಂತ ನಾನು ಈಗ ಹೇಳಬಲ್ಲೆ. ದಿನಾ ಒಂದು ಪುಟ ಕಾಪಿ ಬರೆಯಬೇಕು. ದಿನಾ ಅಂದರೆ ದಿನಾ. ಜ್ವರ ಬಂದರೆ ಬಿಟ್ಟ ದಿನಗಳದ್ದೂ ಸೇರಿಸಿ. ಅವರು ಅಷ್ಟೂ ಪುಸ್ತಕ ಮನೆಗೆ ಹೊತ್ತುಕೊಂಡು ಹೋಗಿ ಪ್ರತಿ ಸಾಲು ನೋಡುತ್ತಿದ್ದರು. ‘ಲ’ ಬರೆಯುವಲ್ಲಿ ‘ಳ’ ಬರೆದಿದ್ದರೆ, ‘ಹ’ಕಾರ ನುಂಗಿ ‘ಅ’ ಬರೆದಿದ್ದರೆ, ಒತ್ತಕ್ಷರ ಅದರ ಜಾಗದಲ್ಲಿ ಕೂರದಿದ್ದರೆ, ಕೆಂಪು ಇಂಕಿನಲ್ಲಿ ಸಣ್ಣದೊಂದು ದುಂಡು. ಬೈಗುಳ ಇಲ್ಲ. ಸಂಜೆ ಗಂಟೆ ಹೊಡೆದ ಮೇಲೆ, ದುಂಡು ಬಿದ್ದವರು ಅವರ ಮೇಜಿನ ಪಕ್ಕ ಕೂತು ಆ ಪದಗಳನ್ನು ಮತ್ತೆ ಬರೆಯಬೇಕು. ಅವರು ಕೂಡ ಕೂತಿರುತ್ತಿದ್ದರು. ಒಂದು ದಿನ ನಾನೊಬ್ಬನೇ ಉಳಿದಿದ್ದೆ. ‘ಬೆಳ್ಳಗೆ’ ಅನ್ನುವ ಪದದಲ್ಲಿ ಒತ್ತು ತಪ್ಪುತ್ತಲೇ ಇತ್ತು. ಹೊರಗೆ ಹುಡುಗರು ಚಿನ್ನಿದಾಂಡು ಆಡುವ ಸದ್ದು. ಅವರ ಊರಿನ ಬಸ್ಸು ಹಾರನ್ ಹಾಕಿ ಹೊರಟು ಹೋಯಿತು. ಅವರು ಒಮ್ಮೆ ಕಿಟಕಿಯ ಕಡೆ ನೋಡಿದರು, ಮತ್ತೆ ನನ್ನ ಪುಸ್ತಕ ನೋಡಿದರು. ‘ಇನ್ನೊಂದು ಸಲ ಬರಿ ಮರಿ’ ಅಂದರು. ನನಗೆ ಆಗ ಕೊಟ್ಟ ಶಿಕ್ಷೆ ಅವರಿಗೂ ಬಿದ್ದಿದೆ ಅಂತ ಅವತ್ತು ಗೊತ್ತಾಯಿತು. ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಕಾಯಬೇಕಿತ್ತು.

ಆ ಸಂಜೆ ನನ್ನೊಳಗೆ ಏನೋ ಬದಲಾಯಿತು. ಅಲ್ಲಿಂದ ಮುಂದೆ ನಾನು ಕಾಪಿಯನ್ನು ಹೆದರಿಕೆಗೆ ಬರೆಯಲಿಲ್ಲ. ಅವರು ಬಸ್ಸು ತಪ್ಪಿಸಿಕೊಳ್ಳಬಾರದು ಅಂತ ಬರೆದೆ. ಇವತ್ತಿಗೂ ‘ಳ್ಳ’ ಬರೆಯುವಾಗ ಕೈ ಒಂದು ಕ್ಷಣ ನಿಧಾನವಾಗುತ್ತದೆ.

ಶಿಸ್ತು ಬೇಕು ಅನ್ನುವವರ ಜೊತೆ ನನಗೆ ಜಗಳವಿಲ್ಲ. ನಾನೂ ಬೇಕು ಅನ್ನುವವನೇ. ಹೊತ್ತಿಗೆ ಬರುವುದು, ಕೊಟ್ಟ ಕೆಲಸ ಮುಗಿಸುವುದು, ಇನ್ನೊಬ್ಬರು ಮಾತಾಡುವಾಗ ಕೇಳುವುದು, ಇವೆಲ್ಲ ತನ್ನಷ್ಟಕ್ಕೇ ಬರುವುದಿಲ್ಲ. ಯಾರೋ ಒಬ್ಬರು ಬೆನ್ನು ಬಿಡದೆ ಕಲಿಸಬೇಕು. ಆದರೆ ನಾವು ‘ಹಿಂದಿನ ಕಾಲದ ಮೇಷ್ಟ್ರು ಎಷ್ಟು ಸ್ಟ್ರಿಕ್ಟು’ ಅನ್ನುವಾಗ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ. ಚಳಿಯಲ್ಲಿ ಬೀಗ ತೆಗೆದು ಕಾಯುತ್ತಿದ್ದದ್ದು, ಅರವತ್ತು ಪುಸ್ತಕ ಮನೆಗೆ ಹೊತ್ತದ್ದು ಒಂದು. ಮೂಗು ಹಿಡಿಸಿದ್ದು ಇನ್ನೊಂದು. ಗಣಿತದ ಮೇಷ್ಟ್ರಲ್ಲಿ ಎರಡೂ ಇತ್ತು. ನಮ್ಮನ್ನು ಪಾಸು ಮಾಡಿಸಿದ್ದು ಮೊದಲನೆಯದು. ಮೈಕಿನಲ್ಲಿ ಹೆಸರು ಬಂದದ್ದು ಎರಡನೆಯದಕ್ಕೆ.

ನಮ್ಮ ಭಾಷೆಯೂ ಈ ಗಂಟನ್ನು ಬಿಗಿ ಮಾಡಿದೆಯೇನೋ. ಐದನೇ ಕ್ಲಾಸಿನಲ್ಲಿ ಹಿಂದಿ ಪಾಠದಲ್ಲಿ ಮೊದಲ ಸಲ ‘ಶಿಕ್ಷಾ’ ಅಂತ ಬಂದಾಗ ಇಡೀ ಕ್ಲಾಸು ಗಾಬರಿಯಾಗಿತ್ತು. ಅಲ್ಲಿ ಅದಕ್ಕೆ ವಿದ್ಯೆ ಅಂತ ಅರ್ಥ. ಕನ್ನಡಕ್ಕೆ ಬಂದ ಅದೇ ಪದ ಏಟಿನ ಕಡೆ ವಾಲಿ, ‘ಶಿಕ್ಷಣ’ ಮಾತ್ರ ವಿದ್ಯೆಯಾಗಿ ಉಳಿಯಿತು. ಶಿಕ್ಷಕರು ಈ ಎರಡರ ನಡುವೆ ನಿಂತಿದ್ದಾರೆ.

ತಂಗಿ ಹೇಳಿದ್ದು

ನನ್ನ ತಂಗಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಒಂದರಿಂದ ಮೂರರವರೆಗೆ ಒಂದೇ ಕೋಣೆಯಲ್ಲಿ ಕೂರಿಸಿ ನಲಿ-ಕಲಿ ನಡೆಸುತ್ತಾಳೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಶುರು ಮಾಡಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಕಾರ್ಡು, ಹಾಡು, ಕಲಿಕೆಯ ಏಣಿ. ನಾನು ಈ ವಿಷಯವೆಲ್ಲ ಅವಳ ಹತ್ತಿರ ಹೇಳಿಕೊಂಡಾಗ ಅವಳು ಸುಮ್ನೆ ತಲೆ ಆಡಿಸಿ ಒಪ್ಪುತ್ತಾಳೆ ಅಂದುಕೊಂಡಿದ್ದೆ. ಒಪ್ಪಲಿಲ್ಲ.

‘ಅಣ್ಣ, ಕೋಲು ಕಿತ್ಕೊಂಡ್ರು, ಒಳ್ಳೇದೇ ಆಯ್ತು. ಆದ್ರೆ ಅದರ ಜಾಗದಲ್ಲಿ ನಮ್ಮ ಕೈಗೆ ಏನು ಕೊಟ್ರು?’ ಅಂದಳು. ಬೆಳಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಅದರ ಲೆಕ್ಕ. ಆಧಾರ್, ಆನ್‌ಲೈನ್ ದಾಖಲೆ, ಚುನಾವಣೆ, ಸಮೀಕ್ಷೆ. ಮಗು ಸಂಜೆ ಉಳಿಸಿಕೊಂಡು ಬರೆಸೋಣ ಅಂದರೆ ಯಾಕೆ ಉಳಿಸಿಕೊಂಡಿರಿ ಅಂತ ಮನೆಯಿಂದ ಫೋನು. ‘ನಿಮ್ಮ ಕನ್ನಡ ಟೀಚರಿಗೆ ಬಸ್ಸು ತಪ್ಪಿಸಿಕೊಳ್ಳೋಕೆ ಟೈಮ್ ಇತ್ತು. ನಂಗೆ ಆ ಟೈಮೇ ಇಲ್ಲ’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಅದೇ ಕಾಯ್ದೆ ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು ಅಂತಲೂ ಹೇಳುತ್ತದೆ. ಹೊಡೆಯಬೇಡಿ ಅನ್ನುವ ಮಾತು, ಸಾಕಷ್ಟು ಜನ ಮೇಷ್ಟ್ರನ್ನು ಕೊಡುತ್ತೇವೆ ಅನ್ನುವ ಮಾತು ಜೊತೆಜೊತೆಗೇ ಬಂದಿದ್ದವು. ನಮಗೆ ಮೊದಲನೆಯದು ಮಾತ್ರ ನೆನಪಿದೆ. ಅದಕ್ಕೇ ‘ಈಗಿನ ಮಕ್ಕಳಿಗೆ ಭಯವೇ ಇಲ್ಲ’ ಅಂತ ಗೊಣಗುತ್ತೇವೆ. ಮೇಷ್ಟ್ರು ಇಲ್ಲದ ಶಾಲೆಗಳ ಬಗ್ಗೆ ಅಷ್ಟು ಜೋರಾಗಿ ಗೊಣಗುವುದಿಲ್ಲ.

ಕಾನೂನು ಬಂದಾಗ ಕೋಲು ಎಷ್ಟು ಒಳಗೆ ಇಳಿದಿತ್ತು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2009-10ರಲ್ಲಿ ಏಳು ರಾಜ್ಯಗಳಲ್ಲಿ 6,632 ಮಕ್ಕಳನ್ನು ಮಾತಾಡಿಸಿತು. ಶಾಲೆಯಲ್ಲಿ ನಮಗೆ ಯಾವ ಶಿಕ್ಷೆಯೂ ಆಗಿಲ್ಲ ಅಂದವರು ಒಂಬತ್ತು ಮಂದಿ. ನೂರಕ್ಕಲ್ಲ, ಅಷ್ಟೂ ಜನರಲ್ಲಿ ಒಂಬತ್ತು. ನಾನು ಈ ಸಂಖ್ಯೆ ಓದಿದ ರಾತ್ರಿ ನಮ್ಮ ಕ್ಲಾಸಿನ ಬೆಂಚುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಒಬ್ಬರೂ ಸಿಗಲಿಲ್ಲ.

ತಂಗಿ ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಕ್ಲಾಸು ಗಲಾಟೆ ಜಾಸ್ತಿಯಾದಾಗ ಅವಳು ದನಿ ಏರಿಸುವುದಿಲ್ಲವಂತೆ, ಇಳಿಸುತ್ತಾಳಂತೆ. ಪಿಸುದನಿಯಲ್ಲಿ ಏನೋ ಗುಟ್ಟು ಹೇಳುವ ಹಾಗೆ ಕಥೆ ಶುರು ಮಾಡುತ್ತಾಳೆ. ಮುಂದಿನವರು ಕೇಳಿಸಿಕೊಳ್ಳಲು ಹಿಂದಿನವರನ್ನು ಸುಮ್ಮನಿರಿಸುತ್ತಾರೆ. ‘ದಿನಾ ನಡೆಯಲ್ಲ. ನಡೆದ ದಿನ ಮಾತ್ರ ತುಂಬ ಖುಷಿಯಾಗುತ್ತೆ’ ಅಂದಳು.

ಹಟ್ಟಿಯಲ್ಲಿ

ಯುಗಾದಿಗೆ ಊರಿಗೆ ಹೋದಾಗ ಅವನನ್ನು ಹುಡುಕಿಕೊಂಡು ಹೋದೆ. ಹುಡುಕುವುದೇನೂ ಕಷ್ಟವಾಗಲಿಲ್ಲ. ಗಾರೆ ಮೇಸ್ತ್ರಿ ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಕುರಿ ಕಾದು, ಸಿಮೆಂಟು ಹೊತ್ತು, ಕೆಲಸ ಕಲಿತು, ಈಗ ಅವನ ಕೈಕೆಳಗೆ ಎಂಟು ಹತ್ತು ಜನ ಇದ್ದಾರೆ. ನನ್ನನ್ನು ನೋಡಿದ ಕೂಡಲೇ ಹೆಸರು ಹಿಡಿದು ಕೂಗಿದ. ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದ. ಒಳಗಿನಿಂದ ನೀರು, ಬೆಲ್ಲ ಬಂತು, ಆಮೇಲೆ ಟೀ ಬಂತು.

ಎಷ್ಟೋ ಹೊತ್ತು ಮಳೆ, ಬೆಳೆ, ಮಕ್ಕಳ ವಿಷಯ ಮಾತಾಡಿದೆವು. ಹೇಳಬೇಕಾದ್ದು ಗಂಟಲಲ್ಲೇ ಇತ್ತು. ಕೊನೆಗೆ, ‘ಅವತ್ತು ಮಗ್ಗಿ ಕೇಳಿದಾಗ ನಾನು ನಿನಗೆ ಹೊಡೆದಿದ್ದೆ, ನೆನಪಿದೆಯಾ?’ ಅಂತ ಕೇಳಿದೆ. ಅವನು ಟೀ ಲೋಟ ಕೆಳಗಿಟ್ಟ. ‘ನೆನಪಿಲ್ದೆ ಏನು. ಆದ್ರೆ ನೀನೆಲ್ಲಿ ಹೊಡೆದೆ ಕಣಪ್ಪ? ಹೊಡೆದದ್ದು ಮೇಷ್ಟ್ರು. ನಿನ್ನ ಕೈ ಇಸ್ಕೊಂಡು ಹೊಡೆದ್ರು, ಅಷ್ಟೆ.’

ನನ್ನ ಕೈಯಲ್ಲಿ ಆ ಎರಡನೇ ಏಟಿನಲ್ಲಿ ನನ್ನದೇ ಸಿಟ್ಟು ಇತ್ತು ಅಂತ ಹೇಳಿದೆ. ಅದನ್ನು ಹೇಳಲೇಬೇಕಿತ್ತು. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ‘ಅದೂ ಗೊತ್ತಾಗಿತ್ತು’ ಅಂದ.

ಆಮೇಲೆ ಅವನೇ ಹುಣಸೆ ಬರಲಿನ ವಿಷಯ ತೆಗೆದ. ಮರ ಹತ್ತುವುದರಲ್ಲಿ ಅವನು ಚುರುಕು ಅಂತ, ಬರಲು ಕಿತ್ತು ತರಲು ಅವನನ್ನೇ ಕಳಿಸುತ್ತಿದ್ದರು. ಹಸಿ ಬರಲು ತೆಳ್ಳಗಿದ್ದಷ್ಟೂ ಉರಿ ಜಾಸ್ತಿ, ಒಣಗಿದ್ದು ಒಂದೆರಡು ಏಟಿಗೆ ಮುರಿಯುತ್ತದೆ. ಅವನು ಕೊಂಬೆಯ ಮೇಲೆ ಕೂತು, ಅವತ್ತು ಕ್ಲಾಸಿನಲ್ಲಿ ಯಾರ್ಯಾರು ಲೆಕ್ಕ ಮಾಡಿಕೊಂಡು ಬಂದಿಲ್ಲ ಅಂತ ನೆನಪು ಮಾಡಿಕೊಂಡು, ಬೇಕಂತಲೇ ಒಣಗಿದ್ದು ಹುಡುಕುತ್ತಿದ್ದನಂತೆ. ತಾನು ಮಾಡಿಕೊಂಡು ಬಂದಿರದ ದಿನ ಮಾತ್ರ ಹಸಿಯದನ್ನೇ ಕೀಳುತ್ತಿದ್ದ, ಒಣಗಿದ್ದು ತಂದರೆ ತನಗೋಸ್ಕರ ಅಂತ ಮೇಷ್ಟ್ರಿಗೆ ಅನ್ನಿಸಬಹುದು ಅಂತ. ಇದನ್ನು ಕೇಳಿ ನಾನು ಏನು ಹೇಳಬೇಕು ಅಂತ ತಿಳಿಯದೆ ಕೂತೆ. ಹನ್ನೆರಡು ವರ್ಷದ ಹುಡುಗ ಮರದ ಮೇಲೆ ಕೂತು ಅಷ್ಟೆಲ್ಲ ಯೋಚಿಸಿದ್ದ. ಕೆಳಗೆ ಕ್ಲಾಸಿನಲ್ಲಿ ಅವನಿಗೆ ದಡ್ಡ ಅಂತ ಹೆಸರಿತ್ತು.

ಅವನ ಮಗಳು ಪಿಯುಸಿ ಓದುತ್ತಿದ್ದಾಳೆ. ಚೆನ್ನಾಗಿ ಓದುತ್ತಾಳೆ ಅಂತ ಅವನ ಹೆಂಡತಿ ಒಳಗಿನಿಂದಲೇ ಹೇಳಿದರು. ಅಡ್ಮಿಷನ್ನು, ಪೋಷಕರ ಸಭೆ ಎಲ್ಲದಕ್ಕೂ ಅವರೇ ಹೋಗುತ್ತಾರಂತೆ. ‘ಇವ್ರು ಬೈಕಲ್ಲಿ ಗೇಟಿನ ತನಕ ಬರ್ತಾರೆ ಅಣ್ಣ. ಒಳಗೆ ಬನ್ನಿ ಅಂದ್ರೆ ಬರಲ್ಲ.’ ಅವನು ಅದಕ್ಕೆ ಏನೂ ಹೇಳಲಿಲ್ಲ. ಜಗುಲಿಯ ಅಂಚಿನಲ್ಲಿ ಎದ್ದು ಬಂದಿದ್ದ ಗಾರೆಯ ಚೂರನ್ನು ಉಗುರಲ್ಲಿ ಕೆರೆದು ತೆಗೆದ.

ಹೊರಡಲು ಎದ್ದಾಗ ರಸ್ತೆಯವರೆಗೂ ಬಂದ. ಗುರುವಂದನೆಯ ಫೋಟೊ ತೋರಿಸು ಅಂದ. ಮೊಬೈಲ್ ಕೊಟ್ಟೆ. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಒಂದೊಂದೇ ಸರಿಸುತ್ತಾ ಹೋದ. ಶಾಲು ಹೊದ್ದು ಕೂತ ಗಣಿತದ ಮೇಷ್ಟ್ರ ಫೋಟೊ ಬಂದಾಗ ನಿಲ್ಲಿಸಿದ. ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ.

‘ಬಹಳ ಸೊರಗಿದಾರೆ’ ಅಂದ. ‘ನೋಡ್ಕೊಳೋರು ಯಾರಾದ್ರೂ ಇದಾರಾ?’